ಒಂದು ಲ್ಯಾಬು, ಎರಡು ಪ್ಯಾಕೇಜ್ ಮ್ಯಾನೇಜರು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿಗೆ ಹೊಸದಾಗಿ ಸೇರಿದ್ದಾಳೆ. "ಮೇಡಂ, ಕಮಾಂಡ್ ಲೈನ್ ಟೂಲ್ ಹಾಕಾಕ ಯಾವ ಪ್ಯಾಕೇಜ್ ಮ್ಯಾನೇಜರ್ ಛಲೋ ರೀ? ಒಂದ ಮಾತಿನ್ಯಾಗ ಹೇಳಿಬಿಡ್ರಿ" ಎಂದಳು. ಒಂದೇ ಮಾತಿನಲ್ಲಂತೆ! ಇದೇ ಪ್ರಶ್ನೆಯ ಮೇಲೆ ಜಗಳವಾಡಿ ನಾನು ಒಬ್ಬ ಗೆಳತಿಯನ್ನೇ ಕಳೆದುಕೊಂಡಿದ್ದೇನೆ ತಾಯಿ, ಒಂದು ಮಾತು ಎಲ್ಲಿಂದ ತರಲಿ ಎನ್ನುವುದು ತುದಿನಾಲಿಗೆಗೆ ಬಂದಿತ್ತು. "ತಡಿ, ಬರದು ಕಳಸ್ತೇನಿ" ಎಂದು ಫೋನ್ ಇಟ್ಟೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾವ ಶಾಲು ಹೊದಿಸಿದರು, ಅದೆಲ್ಲ ಇಲ್ಲಿ ಬೇಡ. ಈಗ ನಿವೃತ್ತಿಯಾಗಿ ಹುಟ್ಟಿದೂರು ಇಳಕಲ್ಲಿಗೆ ಬಂದಿದ್ದೇನೆ. ಬಸ್ ಡಿಪೋದಿಂದ ನಿವೃತ್ತರಾದ ನಮ್ಮ ಯಜಮಾನರಿದ್ದಾರೆ, ಮೇಜಿನ ಮೇಲೊಂದು ಡೆಸ್ಕ್‌ಟಾಪ್ ಇದೆ. ಊಟಕ್ಕೆ, ನಿದ್ದೆಗೆ ಏನೂ ಕೊರತೆಯಿಲ್ಲ. ಇಲ್ಲದಿರುವುದು ಆ ಗೆಳತಿ ರೇಣುಕಾ ಒಬ್ಬಳೇ.

ಹೊಸಬರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಕಪ್ಪು ಪರದೆಯ ಮೇಲೆ ಅಕ್ಷರ ಹೊಡೆದು ಕೆಲಸ ಮಾಡಿಸಿಕೊಳ್ಳುವ ಸಣ್ಣ ಸಣ್ಣ ಪ್ರೋಗ್ರಾಂಗಳಿರುತ್ತವಲ್ಲ, ಅವು ಕಮಾಂಡ್ ಲೈನ್ ಟೂಲ್‌ಗಳು. ಬೇಕೆಂದ ಟೂಲನ್ನು ತಂದು, ಅದಕ್ಕೆ ಬೇಕಾದ ಉಳಿದ ಭಾಗಗಳನ್ನೂ ತಾನೇ ಹುಡುಕಿ ತಂದು ಜೋಡಿಸಿ, ಬೇಡವಾದಾಗ ಗುಡಿಸಿ ತೆಗೆಯುವ ಪ್ರೋಗ್ರಾಮೇ ಪ್ಯಾಕೇಜ್ ಮ್ಯಾನೇಜರ್. ನಿಮಗೆ ಇದು ನಲ್ಲಿಯ ನೀರು. ನಾವು ಬಾವಿಯಿಂದ ಸೇದಿದವರು.

ನಾನು ಸೇರಿದಾಗ ಲ್ಯಾಬಿಗೆ ಇಂಟರ್ನೆಟ್ ಇರಲಿಲ್ಲ. ಟೂಲ್‌ಗಳು ಸಿಡಿಯಲ್ಲಿ ಬರುತ್ತಿದ್ದವು, ಅದೂ ಕಚ್ಚಾ ಸಾಮಾನಾಗಿ; ನಾವೇ ಕೂತು ಕಟ್ಟಬೇಕು. ಕಟ್ಟಲು ಹಚ್ಚಿದರೆ ಅರ್ಧಕ್ಕೆ ನಿಂತು, ತನಗೆ ಆಸರೆಯಾದ ಲೈಬ್ರರಿ ಎಂಬ ಇಂಥ ಭಾಗ ಇಲ್ಲ ಎನ್ನುತ್ತಿತ್ತು. ಆ ಲೈಬ್ರರಿ ಹುಡುಕಿ ತಂದರೆ ಅದು ಇನ್ನೊಂದು ಕೇಳುತ್ತಿತ್ತು. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಸಿಡಿ ತಂದು, ಅದು ಬೇರೆ ಆವೃತ್ತಿಯದೆಂದು ತಿಳಿದು ಗೋಡೆಗೆ ಹಣೆ ಹಚ್ಚಿಕೊಂಡು ನಿಂತಿದ್ದೂ ಇದೆ.

ಅಂಥ ದಿನಗಳಲ್ಲಿ ರೇಣುಕಾ ಬಂದಳು. ಕೆರೂರಿನವಳು. ಕುರುಬರ ದೇವರು ಬೀರಪ್ಪನ ಒಕ್ಕಲು, ಹಣೆಗೆ ಭಂಡಾರದ ಅರಿಸಿನ ಹಚ್ಚದೆ ಮನೆಯಿಂದ ಹೊರಬಿದ್ದವಳಲ್ಲ. ನೇಮಕ ಇನ್ನೂ ತಾತ್ಕಾಲಿಕ. ಮೊದಲ ದಿನವೇ ನನ್ನ ಹಿಂದೆ ನಿಂತು ನಾನು ಲೈಬ್ರರಿಗಳ ಹಿಂದೆ ಒದ್ದಾಡುವುದನ್ನು ನೋಡಿ ಫಕ್ಕನೆ ನಕ್ಕಳು.

"ಯಾಕ್ ಬೇ ನಗಾಕತ್ತಿ?" ಎಂದೆ, ಸಿಟ್ಟಿನಿಂದಲೇ.

"ಇಲ್ರಿ ಅಕ್ಕಾರ, ನಮ್ಮಪ್ಪನ ಕುರಿ ನೆಪ್ಪಾದ್ವು. ಒಂದನ್ನ ಕರದ್ರ ಅದರ ಹಿಂದ ಮತ್ತೊಂದು, ಅದರ ಹಿಂದ ಮತ್ತೊಂದು. ಆದ್ರ ನಮ್ಮಪ್ಪ ಒಂದೊಂದನ್ನ ಕಿವಿ ಹಿಡದು ಎಳ್ಯಾಂಗಿಲ್ಲ್ರಿ. ಮುಂದಿಂದಕ್ಕ ಒಂದ್ ಹುಯ್ಲ ಹಾಕಿದ್ರ ಎಲ್ಲಾ ಬರ್ತಾವು."

ಮುಂದೆ ಲ್ಯಾಬಿಗೆ ಇಂಟರ್ನೆಟ್ ಬಂತು, ಜೊತೆಗೆ ಆಪ್ಟ್ ಎನ್ನುವ ಪ್ಯಾಕೇಜ್ ಮ್ಯಾನೇಜರೂ ಬಂತು. ಒಂದು ಹೆಸರು ಹೊಡೆದದ್ದೇ ತಡ, ಹಿಂಡೇ ಬಂದು ಸಾಲಾಗಿ ಕೂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವತ್ತು ರೇಣುಕಾ ಮಷಿನ್ನಿನ ಮೇಲೆ ಚಿಟಿಕೆ ಭಂಡಾರ ಹಾರಿಸಿಬಿಟ್ಟಳು. ಕೀಬೋರ್ಡಿನ ಸಂದಿಯಲ್ಲಿ ಆ ಅರಿಸಿನ ಬಹಳ ದಿನ ಇತ್ತು, ನಾನು ಒರೆಸಲಿಲ್ಲ.

ಲ್ಯಾಬಿನಲ್ಲಿ ಯಮನಪ್ಪ ಎಂಬ ಸಿಪಾಯಿ, ಅಂದರೆ ಜವಾನರು, ಇದ್ದರು. ವಯಸ್ಸಾದವರು, ಭಾರಿ ದೈವಭಕ್ತರು. ರೇಣುಕಾಳ ಮೊದಲ ದಸರೆ ಅದು. ರಜೆ ಬರುತ್ತದೆ, ಯಾರ ಕಾಟವೂ ಇಲ್ಲ ಎಂದು ನಾವಿಬ್ಬರೂ ಎಲ್ಲ ಮಷಿನ್ನುಗಳಿಗೆ ಒಮ್ಮೆಗೇ ಅಪ್‌ಗ್ರೇಡ್ ಹಚ್ಚಿದ್ದೆವು. ಅಷ್ಟರಲ್ಲಿ ಆಫೀಸಿನಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಶುರುವಾಯಿತು, ಪೇಢೆ ತಿನ್ನಲು ಹೋದೆವು. ತಿರುಗಿ ಬಂದು ನೋಡಿದರೆ ಲ್ಯಾಬು ಕತ್ತಲು. ಒಂದೊಂದು ಪರದೆಗೂ ವಿಭೂತಿ, ಕುಂಕುಮ, ಚೆಂಡುಹೂ. ಮೇನ್ ಸ್ವಿಚ್ಚು ಕೆಳಗೆ. ಯುಪಿಎಸ್ಸೂ ಬಂದ್, ಅದರ ನೆತ್ತಿಯ ಮೇಲೂ ಒಂದು ಹೂವು.

"ಯಮನಪ್ಪಾ, ಏನ್ ಮಾಡಿದ್ರಿ ಇದು!"

ಅವರು ಕೈಮುಗಿದುಕೊಂಡೇ ನಿಂತಿದ್ದರು. "ಸಾವಕಾಶ ಮಾತಾಡ್ರಿ ಮೇಡಮ್ಮಾರ. ಆಯುಧ ಮಲಗ್ಯಾವು. ಪೂಜಾ ಆದ ಮ್ಯಾಲ ದುಡಸಬಾರದ್ರಿ. ಬನ್ನಿ ಮುಡದ ಮ್ಯಾಲ ಎಬ್ಬಸೂಣು."

ಅಪ್‌ಗ್ರೇಡ್ ಅರ್ಧದಲ್ಲಿ ಕರೆಂಟು ತೆಗೆದರೆ ಒಂದಷ್ಟು ಭಾಗ ಹಳೆಯದು, ಒಂದಷ್ಟು ಹೊಸದು, ಒಂದಷ್ಟು ಎರಡೂ ಅಲ್ಲದ್ದು. ರೇಣುಕಾ ಗೋಡೆ ಹಿಡಿದು ನೆಲಕ್ಕೆ ಕೂತೇಬಿಟ್ಟಳು. "ಹೋತ್ರಿ ಅಕ್ಕಾರ, ನನ್ನ ನೌಕರಿ ಹೋತು. ಪರ್ಮನೆಂಟ್ ಆಗೂದು ಒತ್ತಟ್ಟಿಗಿರ್ಲಿ, ಕೆರೂರ ಸಂತ್ಯಾಗ ಉಳ್ಳಾಗಡ್ಡಿ ಮಾರೂದ ಗತಿ" ಎಂದು ಅಳತೊಡಗಿದಳು. ಯಮನಪ್ಪನವರಂತೂ ಸ್ವಿಚ್ಚಿಗೆ ಅಡ್ಡಲಾಗಿ ನಿಂತುಬಿಟ್ಟರು, ಮುಟ್ಟಲು ಬಿಡಲೇ ಇಲ್ಲ.

ದಸರೆ ಮುಗಿಸಿ ಬಂದೆವು. ಯಮನಪ್ಪ ಒಂದೊಂದು ಮಷಿನ್ನಿನ ಮುಂದೂ ಬನ್ನಿ ಎಲೆ ಇಟ್ಟು "ಬಂಗಾರದಂಗ ಇರೂಣು" ಎಂದು ಹೇಳಿ ಸ್ವಿಚ್ಚು ಮೇಲೆತ್ತಿದರು. ಮಷಿನ್ನು ಎದ್ದಿತು. ಕೆಲಸ ಹೇಳಿದರೆ, ಅರ್ಧಕ್ಕೆ ನಿಂತಿದ್ದೇನೆ, ಇಂಥ ಕಮಾಂಡ್ ಕೊಡಿ ಎಂದು ತಾನೇ ಪರದೆಯ ಮೇಲೆ ಬರೆದು ತೋರಿಸಿತು. ರೇಣುಕಾಳ ಕಣ್ಣಲ್ಲಿ ನೀರು ತುಂಬಿ ಅದು ಅವಳಿಗೆ ಕಾಣಲೇ ಇಲ್ಲ. ನಾನು ಅವಳ ಪಕ್ಕ ಕೂತು ಓದಿ ಹೇಳಿದೆ: "ಬರಿ. ಸುಡೊ. ಡಿ, ಪಿ, ಕೆ, ಜಿ. ಎರಡು ಅಡ್ಡಗೆರಿ, ಕಾನ್ಫಿಗರ್. ಆಮ್ಯಾಲ ಒಂದು ಅಡ್ಡಗೆರಿ, ಎ. ಹೊಡಿ ಎಂಟರ್."

ಸಾಲುಗಳು ಓಡತೊಡಗಿದವು. ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿದುಕೊಂಡು, ಒಂದೊಂದಾಗಿ ಎಲ್ಲವನ್ನೂ ತನ್ನ ತನ್ನ ಜಾಗಕ್ಕೆ ಕೂಡಿಸಿತು. ರೇಣುಕಾ ಮೂಗು ಒರೆಸಿಕೊಂಡು ಮುಂದಿನ ಮಷಿನ್ನಿಗೆ ಹೋದಳು, ನಾನು ಮತ್ತೆ ಹೇಳಿದೆ, ಅವಳು ಮತ್ತೆ ಹೊಡೆದಳು. ಕೊನೆಗೆ ಎಲ್ಲದರಲ್ಲೂ ಸಾಲುಗಳು ಓಡುತ್ತಿರಲು ನಾವಿಬ್ಬರೂ ಪೇಪರಿನಲ್ಲಿ ಚುರಮರಿ ಸುರಿದುಕೊಂಡು ಸುಮ್ಮನೆ ನೋಡುತ್ತ ಕೂತೆವು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಕೂತಿಲ್ಲ.

ಆ ವರ್ಷದಿಂದ ಪ್ರತಿ ದಸರೆಗೆ ರೇಣುಕಾ ಬನ್ನಿ ತೆಗೆದುಕೊಂಡು ನಮ್ಮ ಮನೆಗೆ ಬರುವುದು ರೂಢಿಯಾಯಿತು. ಅವಳ ನೌಕರಿಯೂ ಉಳಿಯಿತು, ಕಾಯಂ ಆಯಿತು.

ಹುನಗುಂದದ ಪ್ರಸಂಗ ಹೇಳಲೇಬೇಕು. ಅಲ್ಲಿಯ ಕಾಲೇಜಿನ ಒಬ್ಬ ಹೊಸ ಲೆಕ್ಚರರ್ ಗಾಬರಿಯಿಂದ ಫೋನ್ ಮಾಡಿದರು: ಪರದೆಯ ಮೇಲೆ ಕಿಟಕಿಯಿಲ್ಲ, ಮೆನುವಿಲ್ಲ, ಚಿತ್ರವಿಲ್ಲ, ಬರೀ ಕಪ್ಪು. ನಾವಿಬ್ಬರೂ ಬಸ್ಸು ಹತ್ತಿದೆವು. ಅಮೀನಗಡದಲ್ಲಿ ಬಸ್ಸು ನಿಂತ ಗಳಿಗೆಯಲ್ಲೇ ರೇಣುಕಾ ಇಳಿದು ಓಡಿ ಕರದಂಟು ತಂದಳು. ಕಂಡಕ್ಟರ್ ಬಯ್ದದ್ದಕ್ಕೆ ಅವನಿಗೂ ಒಂದು ತುಂಡು ಕೊಟ್ಟಳು. ಹೋಗಿ ವಿಚಾರಿಸಿದರೆ, ಆ ಪುಣ್ಯಾತ್ಮರು ಪೈಥಾನ್ ಎಂಬ ಪ್ರೋಗ್ರಾಂ ಹಳೆಯದಾಗಿದೆ, ಕಸ ಎಂದು ತೆಗೆದುಹಾಕಿದ್ದರು. ಆ ಕಿಟಕಿ, ಮೆನುಗಳಲ್ಲಿ ಅರ್ಧ ಭಾಗ ನಿಂತಿದ್ದೇ ಅದರ ಮೇಲೆ.

"ಅಲ್ರಿ ಸರ್, ತಗಿಯೂಕಿಂತ ಮೊದಲ ಅದು ಕೇಳಿತ್ತಲ್ಲ, ಇದರ ಜೋಡಿ ಇವೆಲ್ಲಾ ಹೋಗ್ತಾವು, ನಡೀತೈತೇನು ಅಂತ?" ಎಂದೆ.

"ಕೇಳಿತ್ರಿ ಮೇಡಂ. ಭಾಳ ಉದ್ದ ಕೇಳಿತ್ತು. ಅಷ್ಟು ಉದ್ದ ಯಾರ ಓದಬೇಕು ಅಂತ ಹೂಂ ಅಂದ್ಬಿಟ್ಟೆ."

ರೇಣುಕಾ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ಮರಳಿ ಬರುವಾಗ ಬಸ್ಸಿನಲ್ಲಿ ನಾನು ಏನು ಕೇಳಿದರೂ "ಭಾಳ ಉದ್ದ ಐತ್ರಿ ಅಕ್ಕಾರ, ಹೂಂ" ಎನ್ನುತ್ತಿದ್ದಳು. ವಿದ್ಯಾಗಿರಿ ಮುಟ್ಟುವವರೆಗೂ ನಕ್ಕೆವು. ಈಗಲೂ ಮಷಿನ್ನು ಉದ್ದನೆಯದೇನಾದರೂ ಕೇಳಿದಾಗ ನಾನು ಪಕ್ಕಕ್ಕೆ ತಿರುಗಿ ನೋಡುತ್ತೇನೆ. ಪಕ್ಕದಲ್ಲಿ ನಮ್ಮ ಯಜಮಾನರು ಪೇಪರು ಓದುತ್ತಿರುತ್ತಾರೆ.

ಇನ್ನು ಜಗಳದ ಮಾತು. ಆಪ್ಟ್ ಒಳ್ಳೆಯದೇ, ಆದರೆ ನಿಧಾನಸ್ಥ. ನೋಡಿ, ಪರೀಕ್ಷಿಸಿ, ಒಂದಕ್ಕೊಂದು ಒಗ್ಗುತ್ತದೆ ಎಂದು ಖಾತ್ರಿಯಾದ ಟೂಲ್‌ಗಳು ಮಾತ್ರ ಅದರ ಉಗ್ರಾಣದಲ್ಲಿರುತ್ತವೆ. ಹಾಗಾಗಿ ಅವು ತುಸು ಹಳೆಯವು. ನಮ್ಮ ವಿಭಾಗದ ಮುಖ್ಯಸ್ಥರಿಗೆ ಒಂದೇ ಮಾತು ಗೊತ್ತಿತ್ತು, "ಲೇಟೆಸ್ಟ್ ಹಾಕ್ರಿ." ಏನು, ಯಾಕೆ ಎಂದು ಕೇಳಿದರೆ ಮತ್ತೊಮ್ಮೆ ಲೇಟೆಸ್ಟ್ ಎನ್ನುತ್ತಿದ್ದರು. ಮಕ್ಕಳೂ ಅದನ್ನೇ ಕೇಳತೊಡಗಿದರು. ಆ ಹೊತ್ತಿಗೆ ಹೊರಗಿನ ಬೇರೆ ಬೇರೆ ಪ್ಯಾಕೇಜ್ ಮ್ಯಾನೇಜರುಗಳು ಬಂದಿದ್ದವು. ಅವಕ್ಕೆ ಸಿಸ್ಟಮ್ಮಿನ ಉಗ್ರಾಣದ ಹಂಗಿಲ್ಲ. ಬಳಸುವವರ ಸ್ವಂತ ಫೋಲ್ಡರಿನಲ್ಲಿ ತಮ್ಮದೇ ಸಂಸಾರ ಹೂಡುತ್ತವೆ, ಹೊಚ್ಚ ಹೊಸದನ್ನು ತಂದುಕೊಡುತ್ತವೆ. ರೇಣುಕಾ ಅಂಥದೊಂದನ್ನು ಕಲಿತಳು. ನನಗೆ ಅದು ಬಿಲ್ಕುಲ್ ಸೇರಲಿಲ್ಲ.

"ಒಂದ ಮನಿಗೆ ಎರಡು ಅಡಗಿಮನಿ ಯಾಕ್ ಬೇ?" ಎಂದೆ.

"ನಿಮ್ಮ ಇಳಕಲ್ ಸೀರಿ ಮೈ ಬ್ಯಾರೆ, ಸೆರಗು ಬ್ಯಾರೆ ಅಲ್ಲೇನ್ರಿ ಅಕ್ಕಾರ? ಮೈಗೆ ಹತ್ತಿ, ಸೆರಗಿಗೆ ರೇಷ್ಮಿ. ಕೊಂಡಿ ಹಾಕಿದ್ರ ಎರಡೂ ಕೂಡಿ ಒಂದ ಸೀರಿ ಆಗ್ತೈತಿ."

ಎಲ್ಲಿ ಚುಚ್ಚಬೇಕೋ ಅಲ್ಲಿಯೇ ಚುಚ್ಚಿದಳು. ನಮ್ಮವ್ವ ಮಾಡುತ್ತಿದ್ದದ್ದೇ ಆ ಕೆಲಸ: ಮೈಯ ಹಾಸಿನ ಒಂದೊಂದು ಎಳೆಗೂ ಸೆರಗಿನ ಹಾಸಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು. ಕಣ್ಣು, ಸೊಂಟ ಎರಡನ್ನೂ ತಿನ್ನುವ ಕೆಲಸ. "ಕೊಂಡಿ ಹಾಕಾಕ ಕುಂದ್ರಾವ್ರು ಯಾರು? ನೀನಾ?" ಎಂದೆ. ಅವಳು ಮುಖ ಊದಿಸಿಕೊಂಡಳು. ಅವತ್ತು ಚಹಾ ಹೊತ್ತಿಗೆ ಸರಿಹೋಯಿತು.

ಸರಿಹೋಗದಿದ್ದದ್ದು ಪ್ರಾಯೋಗಿಕ ಪರೀಕ್ಷೆಯ ದಿನ. ಅಂಕಿಗಳನ್ನು ಕೊಟ್ಟರೆ ಗ್ರಾಫ್ ಬಿಡಿಸುವ ಒಂದು ಟೂಲು ಇತ್ತು. ಕಿಟಕಿಯ ಸಾಲಿನ ಮಷಿನ್ನುಗಳಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳಿಗೆಂದು ರೇಣುಕಾ ಹೊರಗಿನ ಮ್ಯಾನೇಜರಿನಿಂದ ಅದರ ಹೊಸ ಆವೃತ್ತಿ ಹಾಕಿದ್ದಳು. ಆಪ್ಟ್ ಹಾಕಿದ ಹಳೆಯದೂ ಅಲ್ಲೇ ಇತ್ತು. ಹೆಸರು ಎರಡಕ್ಕೂ ಒಂದೇ. ಹೆಸರು ಕೂಗಿದರೆ ಓಗೊಡುವುದು ಮಾತ್ರ ಒಂದು: ಹುಡುಕುವ ದಾರಿಯಲ್ಲಿ ಯಾರ ಮನೆ ಮೊದಲು ಸಿಗುತ್ತದೋ ಅದು. ಕಿಟಕಿಯ ಸಾಲಿನಲ್ಲಿ ಹೊಸದು ಓಗೊಟ್ಟಿತು, ಬಾಗಿಲ ಸಾಲಿನಲ್ಲಿ ಹಳೆಯದು. ಮಕ್ಕಳಿಗೆ ಕಲಿಸಿದ್ದ ಕಮಾಂಡುಗಳು ಹಳೆಯದಕ್ಕೆ ಮಾತ್ರ ಒಗ್ಗುವಂಥವು. ಒಂದೇ ಪ್ರಶ್ನೆಗೆ ಬಾಗಿಲ ಸಾಲಿನ ಮಕ್ಕಳಿಗೆಲ್ಲ ಗ್ರಾಫ್ ಬಂತು, ಕಿಟಕಿಯ ಸಾಲಿನವರಿಗೆಲ್ಲ ತಪ್ಪು ಎಂದು ಕೆಂಪಕ್ಷರ ಬಂತು. ಒಬ್ಬ ಹುಡುಗಿ ಅತ್ತೇಬಿಟ್ಟಳು. ಹೊರಗಿನಿಂದ ಬಂದ ಪರೀಕ್ಷಕರು ಪೆನ್ನು ಮುಚ್ಚಿಟ್ಟು ಕೂತರು. ಮುಖ್ಯಸ್ಥರು ಓಡಿಬಂದರು.

"ಯಾರ್ರಿ ಇದನ್ನ ಹಾಕಿದವ್ರು?"

ನಾನು ಎಲ್ಲರ ಮುಂದೆಯೇ ಹೇಳಿದೆ: "ಎರಡು ಮನಿ ಸಾಮಾನು ಒಂದ ಕಪಾಟಿನ್ಯಾಗ ಇಟ್ರ ಹಿಂಗ ಆಗೂದು. ನಾ ಬ್ಯಾಡ ಅಂತ ಮೊದಲ ಹೇಳಿದ್ದೆ."

ರೇಣುಕಾ ನನ್ನನ್ನೇ ನೋಡಿದಳು. "ಲೇಟೆಸ್ಟ್ ಹಾಕ್ರಿ ಅಂದವ್ರು ಇಲ್ಲೇ ನಿಂತಾರಲ್ರಿ ಅಕ್ಕಾರ. ಅವರನ್ನ ಕೇಳ್ರಿ" ಎಂದಳು. ಆಮೇಲೆ ಕಿಟಕಿಯ ಸಾಲಿಗೆ ಹೋಗಿ ಒಂದೊಂದೇ ಮಷಿನ್ನಿನಲ್ಲಿ ದಾರಿಯನ್ನು ಮೊದಲಿನಂತೆ ಮಾಡಿಕೊಟ್ಟಳು. ಮಕ್ಕಳಿಗೆ ಹೆಚ್ಚಿನ ಸಮಯ ಕೊಟ್ಟರು, ಪರೀಕ್ಷೆ ಮುಗಿಯಿತು. ಅವತ್ತು ಚಹಾಕ್ಕೆ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಮುಂದಿನ ವರ್ಷ ಬಾದಾಮಿಯ ಒಂದು ತರಬೇತಿ ಕೇಂದ್ರಕ್ಕೆ ಹೋದಳು. ಹೋಗುವಾಗ ಎಲ್ಲರಿಗೂ ಕೈಮುಗಿದಳು, ನನಗೂ ಎಲ್ಲರಿಗೆ ಮುಗಿದಂತೆಯೇ ಮುಗಿದಳು. ಆ ದಸರೆಗೆ ಬನ್ನಿ ಬರಲಿಲ್ಲ.

ಈಗ ನೀವು, ಮೇಡಮ್ಮಿಗೆ ಪಶ್ಚಾತ್ತಾಪವಾಗಿದೆ ಎಂದುಕೊಳ್ಳಬಹುದು. ಏನೂ ಇಲ್ಲ. ಅವತ್ತು ನಾನು ಹೇಳಿದ್ದು ಸರಿ, ಇವತ್ತಿಗೂ ಸರಿ. ಒಂದೇ ಹೆಸರಿನ ಟೂಲನ್ನು ಎರಡು ಕಡೆಯಿಂದ ಹಾಕಬಾರದು, ಹಾಕಿದರೆ ಎಡವಟ್ಟು ಕಟ್ಟಿಟ್ಟದ್ದು. ಆದರೆ ಈ ಸರಿಯನ್ನು ಇಟ್ಟುಕೊಂಡು ನಾನು ಏನು ಮಾಡಲಿ? ಅದು ಬಸ್ಸಿನಲ್ಲಿ ಪಕ್ಕಕ್ಕೆ ಕೂತು ನಗುವುದಿಲ್ಲ. ಬಾದಾಮಿ ಬಸ್ಸು ಕಂಡಾಗೆಲ್ಲ ಹತ್ತಿಬಿಡಲೇ ಎನ್ನಿಸುತ್ತದೆ. ಹೋಗಿ ಏನೆಂದು ಬಾಗಿಲು ತಟ್ಟಲಿ? ಅವಳು ಸಿಗಬೇಕು, ಅವಳು ಮೊದಲಿನಂತೆ ಮಾತಾಡಬೇಕು. ನಿವೃತ್ತಿಯಾದ ಮೇಲೆ ನನಗಿದ್ದ ಆಸೆ ಅದೊಂದೇ.

ಇಳಕಲ್ಲಿಗೆ ಬಂದ ಮೇಲೆ, ಯಾರಿಗೂ ಹೇಳಬೇಡಿ, ಈ ಮಷಿನ್ನಿನಲ್ಲಿ ರೇಣುಕಾಳ ಆ ಹೊರಗಿನ ಮ್ಯಾನೇಜರನ್ನು ಹಾಕಿಕೊಂಡೆ. ಅದೇ ಗ್ರಾಫ್ ಟೂಲನ್ನು ಅದರಿಂದಲೇ ತರಿಸಿದೆ. ಆಪ್ಟ್‌ನಲ್ಲಿದ್ದ ಹಳೆಯದನ್ನು ಮೊದಲೇ ತೆಗೆದೆ, ದಾರಿ ಸರಿಮಾಡಿದೆ, ಹುಡುಕಿ ತೋರಿಸುವ ಕಮಾಂಡ್ ಕೊಟ್ಟು, ಎಲ್ಲಿಂದ ಓಗೊಡುತ್ತಿದ್ದೀ ಎಂದು ಕೇಳಿದೆ. ಹೊರಗಿನ ಮನೆಯಿಂದ ಎಂದಿತು. ಎರಡೂ ಮ್ಯಾನೇಜರುಗಳು ಜಗಳವಿಲ್ಲದೆ ಇದ್ದವು. ಕೊಂಡಿ ಹಾಕಲು ಕೂರುವವರು ಬೇಕಿತ್ತು, ಅಷ್ಟೇ. ಈಗ ನನಗೆ ಪುರಸೊತ್ತು ಬೇಕಾದಷ್ಟಿದೆ.

"ಅದರ ಮುಂದ ಕುಂತು ಯಾರ ಜೋಡಿ ಮಾತಾಡಾಕತ್ತೀದಿ?" ಎಂದರು ಯಜಮಾನರು.

"ರೇಣುಕಾನ ಜೋಡಿ" ಎಂದೆ.

"ಹಂಗಾರ ಫೋನ್ ಹಚ್ಚು. ಆ ಡಬ್ಬಿಗೇನ್ ಕೇಳಸ್ತೈತಿ?"

ಫೋನ್ ಮಾಡಿದ್ದ ಆ ವಿದ್ಯಾರ್ಥಿನಿಗೆ ಕೊಡಬೇಕಾದ ಉತ್ತರ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮರೆತೇಹೋಗುತ್ತದೆ. ಸಿಸ್ಟಮ್ಮಿನ ಜೊತೆಗೇ ಬಂದ ಮ್ಯಾನೇಜರನ್ನೇ ಮೊದಲು ಕೇಳು. ಹೊಸದೇ ಆಗಬೇಕೆಂಬ ಟೂಲಿಗೆ ಮಾತ್ರ ಹೊರಗಿನದನ್ನು ಕರೆ, ಅದನ್ನೂ ನಿನ್ನ ಫೋಲ್ಡರಿನ ಒಳಗೇ ಇಡು. ಒಂದು ಟೂಲಿಗೆ ಒಂದೇ ಮನೆ. ಎಷ್ಟು ಬೇಗ ಹಾಕುತ್ತದೆ ಎಂದು ನೋಡಬೇಡ. ಅರ್ಧಕ್ಕೆ ನಿಂತರೆ ಮತ್ತೆ ಎಲ್ಲಿಂದ ಹಿಡಿಯುತ್ತದೆ, ತೆಗೆದರೆ ಏನೇನು ಬಿಟ್ಟುಹೋಗುತ್ತದೆ, ಅದನ್ನು ನೋಡು. ಉದ್ದಕ್ಕೆ ಕೇಳಿದರೆ ಉದ್ದಕ್ಕೂ ಓದು. ಹೊಸದೇನು ಹಾಕಿದರೂ ಪಕ್ಕದ ಮೇಜಿನವರಿಗೆ ಹೇಳು. ಅವರೂ ನಿನಗೆ ಹೇಳುವ ಹಾಗೆ ಇರು.

ಇಷ್ಟು ಬರೆದಿಟ್ಟಿದ್ದೆ, ಅಷ್ಟರಲ್ಲಿ ದಸರೆ ಬಂತು. ಖಂಡೇಪೂಜೆಯ ದಿನ ನಾನು ಮಷಿನ್ನಿಗೆ ಅಪ್‌ಗ್ರೇಡ್ ಹಚ್ಚಿ ಹೋಳಿಗೆಯ ಹೂರಣ ಕುದಿಸಲು ಒಳಗೆ ಹೋದೆ. ಯಜಮಾನರು ಸ್ಕೂಟರ್ ತೊಳೆದು ಪೂಜಿಸಿ, ಈಳಿಗೆಗೆ ಕುಂಕುಮ ಹಚ್ಚಿ, ಹಾಗೆಯೇ ಬಂದು ಕಂಪ್ಯೂಟರಿಗೂ ಹೂ ಏರಿಸಿ, ಗೋಡೆಯ ಸ್ವಿಚ್ಚು ಆರಿಸಿ ಕೈಮುಗಿದರು. ನಾನು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ದಿನಾ ದುಡೀತೈತಿ, ಇವತ್ತೊಂದ ದಿನ ಮಲಗಲಿ ಬಿಡು" ಎಂದರು. ಬಯ್ಯಲು ಬಾಯಿ ತೆರೆದವಳಿಗೆ ಯಮನಪ್ಪನವರ ಮುಖ ಕಣ್ಣ ಮುಂದೆ ಬಂತು.

ಮರುದಿನ ಸಂಜೆ ಅವರು ಬನ್ನಿ ಮುಡಿಯಲು ಹೋದರು. ನಾನು ಸ್ವಿಚ್ಚು ಹಾಕಿದೆ. ಮಷಿನ್ನು ಎದ್ದಿತು; ಕೆಲಸ ಹೇಳಿದರೆ, ಅರ್ಧಕ್ಕೆ ನಿಂತಿದ್ದೇನೆ, ಇಂಥ ಕಮಾಂಡ್ ಕೊಡಿ ಎಂದು ಬರೆದು ತೋರಿಸಿತು. ಕೀಬೋರ್ಡಿನ ಮೇಲೆ ಕೈಯಿಟ್ಟವಳು ಕೈ ತೆಗೆದು ಫೋನ್ ಎತ್ತಿಕೊಂಡೆ.

"ಹಲೋ" ಎಂದಳು ರೇಣುಕಾ. ದನಿ ತುಸು ದಪ್ಪವಾಗಿತ್ತು.

"ನಾನವ್ವಾ. ಅಪ್‌ಗ್ರೇಡ್ ಅರ್ಧಕ್ಕ ನಿಂತೈತಿ. ಮನಿಯವ್ರು ಖಂಡೇಪೂಜಾ ಮಾಡಿ ಸ್ವಿಚ್ ಆರಿಸಿಬಿಟ್ರು."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, "ಪರದೀ ಮ್ಯಾಲ ಬರದಿರತೈತಲ್ರಿ ಅಕ್ಕಾರ, ಏನ್ ಹೊಡೀಬೇಕಂತ."

ಅಕ್ಕಾರ ಎಂದಳು. "ಚಾಳೀಸ ಸಿಗವಲ್ದು" ಎಂದೆ. ಕನ್ನಡಕ ಮೂಗಿನ ಮೇಲೆಯೇ ಇತ್ತು.

"ಹಂಗೇನ್ರಿ" ಎಂದಳು. ಆಮೇಲೆ ಸಾವಕಾಶವಾಗಿ, ಒಂದೊಂದೇ ಹೇಳತೊಡಗಿದಳು: "ಬರಕೋರಿ. ಸುಡೊ. ಡಿ, ಪಿ, ಕೆ, ಜಿ. ಎರಡು ಅಡ್ಡಗೆರಿ, ಕಾನ್ಫಿಗರ್. ಆಮ್ಯಾಲ ಒಂದು ಅಡ್ಡಗೆರಿ, ಎ. ಹೊಡೀರಿ ಎಂಟರ್."

ಹೊಡೆದೆ. ಸಾಲುಗಳು ಓಡತೊಡಗಿದವು. ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು, ಹಿಂದೆ ಯಾರದೋ ಮನೆಯ ದಸರೆಯ ಗದ್ದಲ ಕೇಳುತ್ತಿತ್ತು. ಮೊದಲೆಲ್ಲ ಈ ಸಾಲುಗಳು ಬೇಗ ಮುಗಿಯಲಿ ಎಂದು ಕಾಯುತ್ತಿದ್ದವಳು ನಾನು. ಅವತ್ತು ಅವು ಮುಗಿಯದಿರಲಿ ದೇವರೇ ಎಂದುಕೊಂಡೆ. ಮಷಿನ್ನು ಹೊಸದು, ಬೇಗನೆ ಮುಗಿಸಿಬಿಟ್ಟಿತು. ಕರ್ಸರು ಒಂದೇ ಕಡೆ ನಿಂತು ಮಿಣುಕತೊಡಗಿತು.

"ಮುಗೀತೇನ್ರಿ ಅಕ್ಕಾರ?"

"ಇಲ್ಲ ಬೇ, ಇನ್ನೂ ನಡದೈತಿ" ಎಂದೆ.

"ನಡೀಲಿ ಬಿಡ್ರಿ" ಎಂದಳು ರೇಣುಕಾ. "ನಾ ಇಲ್ಲೇ ಅದೇನಿ."